ಜಾಹೀರಾತು ಒತ್ತಿದವರು

ಗಿರವಿ ಅಂಗಡಿಯ ರೋಡೆಲ್‌ಗೆ ನನ್ನ ವಿಷಯ ಗೊತ್ತಿರುವಷ್ಟು ನಮ್ಮ ಚರ್ಚಿನ ಪಾದ್ರಿಗೂ ಗೊತ್ತಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋದಳು. ಅಂದಿನಿಂದ ಅವಳು ಕಳಿಸುವ ಹಣ ಬರುವುದು ರೋಡೆಲ್‌ನ ಆ ಸರಳಿನ ಕಿಟಕಿಗೇ. ಮೊದಮೊದಲು ಅಜ್ಜಿಯ ಲಂಗ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದೆ. ಅಜ್ಜಿ ಹೋದಮೇಲೆ ಒಬ್ಬಳೇ. ಕಿಟಕಿಯ ಆಚೆ ಅವನ ಕೂದಲು ಬೆಳ್ಳಗಾಯಿತು, ಈಚೆ ನನ್ನ ತಲೆ ಕಿಟಕಿಯ ಎತ್ತರಕ್ಕೆ ಬಂತು. ಪ್ರತಿಸಲವೂ ಅವನು ತಲೆಯೆತ್ತದೆ, ಕಾಗದಕ್ಕೆ ಠಸ್ಸೆ ಹಾಕುತ್ತಾ ಕೇಳುತ್ತಿದ್ದದ್ದು ಒಂದೇ ಮಾತು.

“ಅಮ್ಮ ಹೇಗಿದಾಳೆ?”

“ಚೆನ್ನಾಗಿದಾಳೆ, ಮನೋಂಗ್,” ಎನ್ನುತ್ತಿದ್ದೆ. ನಮ್ಮಲ್ಲಿ ದೊಡ್ಡವರನ್ನು ಅಣ್ಣಾ ಎನ್ನುವುದು ಹಾಗೆ.

ಅಮ್ಮ ಚೆನ್ನಾಗಿದ್ದಾಳೋ ಇಲ್ಲವೋ ನನಗೇನು ಗೊತ್ತು? ಎರಡು ವರ್ಷಕ್ಕೊಮ್ಮೆ ಬಂದು, ಎಲ್ಲರಿಗೂ ಚಾಕೊಲೇಟು ಸೋಪು ಹಂಚಿ, ನನ್ನ ಎತ್ತರ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡು, ಮತ್ತೆ ವಿಮಾನ ಹತ್ತುವ ಅಮ್ಮ. ಆದರೂ ಕೇಳಿದವರಿಗೆ ಹಾಗೇ ಹೇಳಬೇಕಲ್ಲ.

ಜನವರಿಯಲ್ಲಿ ಒಂದು ದಿನ ಮಾತು ಬದಲಾಯಿತು. ರೋಡೆಲ್ “ಅಮ್ಮ ಹೇಗಿದಾಳೆ?” ಎಂದ. ನಾನು ಎದೆಯುಬ್ಬಿಸಿ, ಸಾಲಿನಲ್ಲಿದ್ದವರಿಗೆಲ್ಲ ಕೇಳಲಿ ಎಂದೇ ಹೇಳಿದೆ, “ಇವತ್ತಿಂದು ಅಮ್ಮನ ದುಡ್ಡಲ್ಲ, ಮನೋಂಗ್. ನಂದು.”

ಅವನು ಕನ್ನಡಕ ಹಣೆಗೇರಿಸಿ ಪರದೆ ನೋಡಿದ. “ಡಾಲರು! ಯಾವುದೋ ಪರದೇಶದ ಕಂಪನಿ ಹೆಸರಿದೆ. ಯಾರೇ ಇಂದಾಯ್ ಇವನು? ಬಿಳಿಯನಾ? ವಯಸ್ಸೆಷ್ಟು?”

ಸಾಲೆಲ್ಲ ಕಿಸಕ್ಕೆಂದಿತು. ಇಂದಾಯ್ ಎಂದು ನಮ್ಮಲ್ಲಿ ಹುಡುಗಿಯರನ್ನೆಲ್ಲ ಪ್ರೀತಿಯಿಂದ ಕರೆಯುತ್ತಾರೆ, ಆದರೆ ಆ ಹೊತ್ತಿನಲ್ಲಿ ನನಗೆ ಆ ಪ್ರೀತಿ ಮೈಯೆಲ್ಲ ಉರಿಸಿತು. “ನನ್ನ ವೆಬ್‌ಸೈಟು ಕಣ್ರೀ, ವೆಬ್‌ಸೈಟು! ನಾನು ಬರೆದು ದುಡಿದದ್ದು!” ಎಂದು ಕೂಗಿಕೊಂಡೆ. ಯಾರಿಗೂ ನಂಬಿಕೆ ಬರಲಿಲ್ಲ. ನಾನು ಜೀಪಿಳಿದು ಮನೆ ಸೇರುವಷ್ಟರಲ್ಲಿ ಪೆರ್ಲಿತಾಳ ಮಗಳು ಮೆಲ್ರೋಸ್ ಯಾರೋ ಬಿಳಿ ಮುದುಕನನ್ನು ಹಿಡಿದಿದ್ದಾಳೆ ಎನ್ನುವ ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು.

ನಾನು ಮಾಡುತ್ತಿದ್ದ ಕೆಲಸ ಅಷ್ಟೇನೂ ಗುಟ್ಟಿನದಲ್ಲ. ನಮ್ಮ ದೇಶದಲ್ಲಿ ಮೈಕ್ ಇಲ್ಲದೆ ಮಗುವಿನ ತಲೆಗೆ ನೀರೂ ಹಾಕುವುದಿಲ್ಲ, ಹೆಣವನ್ನೂ ಎತ್ತುವುದಿಲ್ಲ. ಎಲ್ಲದಕ್ಕೂ ಒಂದು ಸ್ವಾಗತ, ಒಂದು ವಂದನಾರ್ಪಣೆ, ನಡುವೆ ಒಬ್ಬ ನಿರೂಪಕ. ಮೈಕ್ ಕೈಗೆ ಬಂದಮೇಲೆ ಏನು ಹೇಳಬೇಕೆಂದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮಾವನ ಮಗುವಿನ ನಾಮಕರಣಕ್ಕೆ ನಾನು ಬರೆದುಕೊಟ್ಟ ಮಾತು ಕೈಯಿಂದ ಕೈಗೆ ಹೋಗಿ ಮೂರು ಊರು ಸುತ್ತಿ ಬಂತು. ಆಗ ಅನ್ನಿಸಿತು, ಇದನ್ನೇ ಇಂಟರ್‌ನೆಟ್ಟಿನಲ್ಲಿ ಹಾಕಿದರೆ ಹೇಗೆ ಎಂದು. ನಿವೃತ್ತರಾಗುವ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆ, ಬ್ಯಾಸ್ಕೆಟ್‌ಬಾಲ್ ಹುಡುಗರ ಬನಿಯನ್ನಿಗೆ ದೇಣಿಗೆ ಕೇಳುವ ಪತ್ರ, ಮೇಯರ್ ತಡವಾಗಿ ಬಂದಾಗ ಜನರನ್ನು ಹಿಡಿದಿಟ್ಟುಕೊಳ್ಳಲು ನಾಲ್ಕು ಜೋಕು, ಎಲ್ಲವನ್ನೂ ಹಾಕಿದೆ. ಜನ ಬಂದರು. ಪುಟದ ಅಂಚಿನಲ್ಲಿ ಒಂದು ದೊಡ್ಡ ಕಂಪನಿಯವರು ಜಾಹೀರಾತು ಹಾಕಿದರು. ಬಂದವರಲ್ಲಿ ಯಾರಾದರೂ ಅದನ್ನು ಒತ್ತಿದರೆ ನನಗೆ ಚೂರುಪಾರು ಬೀಳುತ್ತಿತ್ತು. ಚೂರು ಸೇರಿ ಸೇರಿ ರೋಡೆಲ್‌ನ ಕಿಟಕಿಗೆ ಬರುವಷ್ಟಾಯಿತು.

ಎಷ್ಟೋ ಜನ “ನಮ್ಮ ಅಕ್ಕನ ಮದುವೆಗೆ ಬೇರೆಯಾಗಿ ಬರೆದುಕೊಡಿ” ಎಂದು ಕೇಳುತ್ತಿದ್ದರು. ಪುಕ್ಕಟೆ ಬರೆದುಕೊಡುತ್ತಿದ್ದೆ. ಮನುಷ್ಯರ ಮುಖ ನೋಡಿ ದುಡ್ಡು ಕೇಳುವುದೆಂದರೆ ನನಗೆ ಪ್ರಾಣಸಂಕಟ. ಮುಖವಿಲ್ಲದ ಕಂಪನಿ ತಾನಾಗಿ ಕೊಡುತ್ತಿರುವಾಗ ಕೇಳುವ ಅಗತ್ಯವಾದರೂ ಏನಿತ್ತು?

ಆ ದುಡ್ಡಿನ ಮೇಲೆ ನಾನು ಇಟ್ಟುಕೊಂಡಿದ್ದ ಆಸೆ ಒಂದೇ. ಕ್ರಿಸ್‌ಮಸ್‌ಗೆ ವಿಡಿಯೋ ಕರೆ ಮಾಡಿದಾಗ ಅಮ್ಮ ಅಂದಿದ್ದಳು, “ನೋಡೇ, ನಿನ್ನ ದುಡ್ಡು ತಿಂಗಳು ತಿಂಗಳು ಸರಿಯಾಗಿ ಬರೋ ಹಾಗಾದ್ರೆ, ಈ ಸಲ ನಾನು ಕೆಲಸದ ಕರಾರಿಗೆ ಮತ್ತೆ ಸಹಿ ಹಾಕಲ್ಲ. ಮೇ ಕೊನೇ ಭಾನುವಾರ ನಮ್ಮ ಮ್ಯಾಮ್‌ಗೆ ಇರ್ತೀನೋ ಇಲ್ವೋ ಅಂತ ಹೇಳ್ಬೇಕು. ಬಂದ್ಬಿಡ್ತೀನಿ.” ಮುಂದಿನ ಸಲ, ಮುಂದಿನ ಸಲ ಎಂದು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಈ ಸಲ ಅವಳು ತಾರೀಖು ಹೇಳಿದ್ದಳು. ಅಪ್ಪ ಇನ್ನೊಂದು ದ್ವೀಪದಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ನಮಗೆ ನಾವೇ. ಅವಳು ಸಹಿ ಹಾಕಬಾರದು. ಅಷ್ಟೇ ನನಗೆ ಬೇಕಾಗಿದ್ದದ್ದು.

ಬಿಳಿ ಮುದುಕನ ಸುದ್ದಿಯನ್ನು ಮಣ್ಣು ಮಾಡಿದವಳು ಅಮ್ಮನ ತಂಗಿ, ತಿಯಾ ಕೊಂಚಿಂಗ್. ನಮ್ಮ ಮನೆಯ ಮುಂಭಾಗದಲ್ಲೇ ಅವಳ ಅಂಗಡಿ. ಉಪ್ಪು, ವಿನೆಗರ್, ಒಂದು ಲೋಟದ ಲೆಕ್ಕದ ಎಣ್ಣೆ, ಬಿಡಿ ಸಿಗರೇಟು. ಊರಿನ ಜಪಮಾಲೆ ಹೆಂಗಸರಿಗೆಲ್ಲ ಅವಳೇ ಮುಂದಾಳು. ಒಂದು ಸಂಜೆ ಲೋಲಾ ಇಸ್ಯಾಂಗ್ ಎನ್ನುವ ಮುದುಕಿ ವಿನೆಗರ್ ಕೊಳ್ಳುತ್ತಾ, “ಮದುವೆ ಯಾವಾಗ್ಲೇ ಹುಡುಗೀದು? ಮುದುಕನಿಗೆ ಹಲ್ಲಿದಾವಾ?” ಎಂದು ಕೇಳಿದಳು.

ತಿಯಾ ಕೊಂಚಿಂಗ್ ಬಾಟಲಿಯನ್ನು ಠಪ್ಪೆಂದು ಕುಕ್ಕಿದಳು. “ಹಲ್ಲು ನಿಂಗಿಲ್ಲ, ಅದನ್ನ ನೋಡ್ಕೋ! ನಮ್ಮ ಹುಡುಗಿ ಬರೀತಾಳೆ. ಜಾಹೀರಾತು ಬರುತ್ತೆ. ಜನ ಒತ್ತಾರೆ. ದುಡ್ಡು ಬೀಳುತ್ತೆ. ಮುದುಕನೂ ಇಲ್ಲ, ಗಿದುಕನೂ ಇಲ್ಲ!”

“ಒತ್ತಿದ್ರೆ ದುಡ್ಡಾ?” ಎಂದಳು ಲೋಲಾ ಇಸ್ಯಾಂಗ್.

ಒಳಗೆ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡ ನನಗೆ ಕಣ್ಣಲ್ಲಿ ನೀರು ಬಂತು. ಇಡೀ ಊರಿನಲ್ಲಿ ನನ್ನ ಪರವಾಗಿ ನಿಲ್ಲಲು ಒಬ್ಬಳಿದ್ದಾಳೆ ಎಂದು. ಆ “ಒತ್ತಿದ್ರೆ ದುಡ್ಡಾ?” ಎನ್ನುವುದರ ಕಡೆ ನನ್ನ ಗಮನ ಹೋಗಲೇ ಇಲ್ಲ.

ಫೆಬ್ರವರಿ ಬಂತು, ಮಾರ್ಚ್ ಬಂತು. ಶಾಲೆಗಳ ಪದವಿ ಸಮಾರಂಭದ ಕಾಲ. ಗಳಿಕೆ ಸೊಂಪಾಗಿ ಏರಿತು. ಸಮಾರಂಭ ಮುಗಿದ ಮೇಲೂ ಏರಿತು. ಮೇ ತಿಂಗಳಲ್ಲಂತೂ ದಿನಾ ಸಂಜೆ ದಬದಬನೆ ಸುರಿಯಿತು. ಮೇ ತಿಂಗಳು ಮೇರಿಮಾತೆಯದ್ದು. ಸಂಜೆ ಒಂದೊಂದು ಮನೆಯಲ್ಲಿ ಮಕ್ಕಳು ಹೂ ಅರ್ಪಿಸುತ್ತಾರೆ, ಹೆಂಗಸರು ಜಪ ಮಾಡುತ್ತಾರೆ, ಆಮೇಲೆ ಬಾಳೆಲೆಯಲ್ಲಿ ಕಟ್ಟಿದ ಅಕ್ಕಿ ಕಡುಬು ತಿಂದು ಹರಟುತ್ತಾರೆ. ಆ ಹರಟೆಯ ಹೊತ್ತಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಇರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಮೊಬೈಲು ಯಾರ ಕೈಯಲ್ಲಿಲ್ಲ ಈಗ? ನನ್ನ ಬರಹಕ್ಕೆ ಬೆಲೆ ಬಂತೆಂದು ಬೀಗಿದೆ. ಅಮ್ಮನ ಮಂಚಕ್ಕೆ ಹೊಸ ಹಾಸಿಗೆಯನ್ನೂ ನೋಡಿಟ್ಟುಬಂದೆ.

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಕಂಪನಿಯಿಂದ ಎರಡೇ ಸಾಲು. ನಿಮ್ಮ ಪುಟದಲ್ಲಿ ನಿಜವಾದ ಆಸಕ್ತಿಯಿಲ್ಲದೆ ಬರಿದೇ ದುಡ್ಡಿಗಾಗಿ ಜಾಹೀರಾತು ಒತ್ತಲಾಗಿದೆ. ನಿಮ್ಮ ಖಾತೆ ಮುಚ್ಚಲಾಗಿದೆ, ಬಾಕಿ ಹಣ ಜಾಹೀರಾತುದಾರರಿಗೆ ವಾಪಸ್. ಆ ನಿಯಮ ನನಗೆ ಗೊತ್ತಿತ್ತು. ಮನೆಯವರು, ಗೆಳೆಯರು ಒತ್ತಬಾರದು, ಒತ್ತಿ ಎಂದು ಯಾರಿಗೂ ಹೇಳಬಾರದು. ನಾನು ಒಂದು ದಿನವೂ ಒತ್ತಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಬೇಡಿಕೊಂಡು ಉತ್ತರ ಬರೆದೆ. ಮರುದಿನ ಬಂದ ಮಾರುತ್ತರದಲ್ಲಿ ಒಂದೇ ಸಾಲಿತ್ತು: ಇದೇ ಕೊನೆಯ ತೀರ್ಮಾನ.

ಅಂಗಡಿಯ ಮುಂದಿನ ಬೆಂಚಿಗೆ ಬಂದು ಕೂತೆ. ಸಂಜೆಯ ಜಪಕ್ಕೆ ಹೊರಟ ಹೆಂಗಸರು ಅಲ್ಲೇ ಸೇರಿದ್ದರು. ಲೋಲಾ ಇಸ್ಯಾಂಗ್ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, “ಇಂದಾಯ್, ನೆನ್ನೆಯಿಂದ ನಿನ್ನ ಪುಟದಲ್ಲಿ ಒತ್ತೋಕೆ ಏನೂ ಬರ್ತಾನೇ ಇಲ್ವಲ್ಲೇ! ಹರಕೆ ತಪ್ಪಿಹೋಗುತ್ತೆ ನಂದು,” ಎಂದಳು.

“ಏನ್ ಹರಕೆ?”

“ಜಪ ಆದ್ಮೇಲೆ ಒಬ್ಬೊಬ್ಬರೂ ಹತ್ತತ್ತು ಸಲ ಒತ್ತೋದು ಅಂತ. ನಿಮ್ಮಮ್ಮ ಬರ್ಲಿ ಅಂತ ಕಣೇ. ಕೊಂಚಿಂಗ್ ಹೇಳ್ಕೊಟ್ಳು. ನನ್ನ ಮೊಮ್ಮಗ ಮೊಬೈಲ್ ಕೊಡಲ್ಲ ಅಂದ್ರೆ ಕಿವಿ ಹಿಂಡಿ ಇಸ್ಕೊಂಡು ಒತ್ತಿದೀನಿ!”

ನಮ್ಮೂರಿನ ರೀತಿಯೇ ಹಾಗೆ. ಒಬ್ಬರ ಗದ್ದೆ ನಾಟಿಗೆ ಎಲ್ಲರೂ ಇಳಿಯುತ್ತಾರೆ, ಒಬ್ಬರ ಮನೆ ಮಾಡು ಹಾರಿದರೆ ಎಲ್ಲರೂ ಏಣಿ ಹತ್ತುತ್ತಾರೆ, ಕೂಲಿ ಕೇಳುವುದಿಲ್ಲ. ಅದು ನನಗೆ ಈಗ ಅರ್ಥವಾಗುತ್ತದೆ. ಆಗ ತಲೆ ಕೆಟ್ಟುಹೋಯಿತು. ಕೋಪ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಎದ್ದು ನಿಂತು ತಿಯಾಳ ಮೇಲೆ ನಾಲಿಗೆ ಹರಿಬಿಟ್ಟೆ.

“ಯಾರು ಕೇಳಿದ್ರು ನಿನ್ನ? ಯಾರು ಒತ್ತು ಅಂದ್ರು? ಎಲ್ಲಾದ್ರಲ್ಲೂ ಮೂಗು ತೂರಿಸ್ಲೇಬೇಕಾ ನೀನು? ನನ್ನ ಅನ್ನಕ್ಕೆ ಮಣ್ಣು ಹಾಕ್ದೆ! ಈಗ ಅಮ್ಮ ಸಹಿ ಹಾಕ್ತಾಳೆ. ಹಾಕ್ಲಿ ಅಂತಾನೇ ಮಾಡಿದ್ಯೇನೋ. ಅವಳು ಅಲ್ಲಿದ್ರೆ ತಾನೇ ನಿನ್ನ ಅಂಗಡಿಗೂ ದುಡ್ಡು ಬರೋದು!”

ಕೊನೆಯ ಮಾತು ಬಾಯಿಂದ ಬಿದ್ದದ್ದೇ ಹೆಂಗಸರೆಲ್ಲ ನೆಲ ನೋಡಿದರು. ತಿಯಾ ಕೊಂಚಿಂಗ್, ಒಂದಕ್ಕೆ ನಾಲ್ಕು ಹೇಳುವ ತಿಯಾ ಕೊಂಚಿಂಗ್, ನನ್ನ ಮುಖವನ್ನೇ ನೋಡಿದಳು. “ಹೌದು. ನಾನೇ ಹೇಳ್ದೆ ಅವರಿಗೆ. ತಪ್ಪು ನಂದೇ,” ಎಂದಳು. ಆಮೇಲೆ ಅಂಗಡಿಯ ಬಾಗಿಲೆಳೆದುಕೊಂಡು ಒಳಗೆ ಹೋದಳು. ಚಂಡಮಾರುತ ಬಂದಾಗಲೂ ಅರ್ಧ ತೆರೆದೇ ಇರುತ್ತಿದ್ದ ಬಾಗಿಲು ಅದು. ಮರುದಿನವೂ ಅವಳು ತೆರೆಯಲಿಲ್ಲ.

ಭಾನುವಾರ ಅಮ್ಮನ ಕರೆ ಬಂತು. ಮೇ ತಿಂಗಳ ಕೊನೆಯ ಭಾನುವಾರ.

ವಾರದ ರಜೆಯ ದಿನ ನಮ್ಮ ದೇಶದಿಂದ ಮನೆಗೆಲಸಕ್ಕೆ ಹೋದ ಹೆಂಗಸರೆಲ್ಲ ಅಲ್ಲಿ ರಸ್ತೆಬದಿ ರಟ್ಟು ಹಾಸಿಕೊಂಡು ಕೂರುತ್ತಾರೆ. ಒಬ್ಬರಿಗೊಬ್ಬರು ಉಗುರು ಕತ್ತರಿಸುವುದು, ಡಬ್ಬಿಯಿಂದ ಡಬ್ಬಿಗೆ ಒಣಮೀನು ಹಂಚುವುದು, ಊರಿಗೆ ಫೋನು ಮಾಡುವುದು. ಪರದೆಯಲ್ಲಿ ನಾನು ನನಾಯ್ ಎಂದು ಕರೆಯುವ ಅಮ್ಮನ ಮುಖ, ಅವಳ ಹಿಂದೆ ಒಂದು ಹಿಂಡು ಮುಖ. “ಮೆಲ್ರೋಸ್! ಮೆಲ್ರೋಸ್!” ಎಂದು ಎಲ್ಲರೂ ಕೈ ಬೀಸಿದರು.

“ಏನಾಯ್ತೇ ನಿನ್ನ ಪುಟಕ್ಕೆ?” ಎಂದಳು ಅಮ್ಮ. “ಮೂರ್ನಾಲ್ಕು ದಿನದಿಂದ ನೋಡ್ತಾ ಇದೀನಿ, ಜಾಹೀರಾತೇ ಇಲ್ಲ. ಪಾಪ, ಇವರೆಲ್ಲ ಒತ್ತೋಕೆ ಅಂತ ಕಾಯ್ತಾ ಇದಾರೆ.”

ಫೋನನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡೆ. “ನೀವು... ಒತ್ತೀರಾ, ನನಾಯ್?”

“ಮತ್ತೆ? ಕ್ರಿಸ್‌ಮಸ್‌ನಿಂದ! ಪ್ರತಿ ಭಾನುವಾರ, ಒಬ್ಬರೂ ತಪ್ಪಿಸಲ್ಲ. ನಾನಂತೂ ದಿನಾ. ಮಾರ್ಕೆಟ್‌ಗೆ ಹೋಗೋವಾಗ ಬಸ್ಸಲ್ಲಿ, ಇಸ್ತ್ರಿ ಹಾಕೋವಾಗ ಎಡಗೈಲಿ. ನೋಡು ಈ ಹೆಬ್ಬೆರಳು, ಊದ್ಕೊಂಡಿದೆ!” ಹೆಬ್ಬೆರಳನ್ನು ಪರದೆಗೆ ಒತ್ತಿ ಹಿಡಿದಳು. ಬ್ಲೀಚಿಂಗ್ ನೀರಿನಲ್ಲಿ ಸವೆದು ಗೆರೆಗಳೇ ಅಳಿಸಿಹೋದ ಹೆಬ್ಬೆರಳು. “ಕೊಂಚಿಂಗ್‌ಗೂ ನಾನೇ ಹೇಳಿದ್ದು, ನಿನ್ನ ಹೆಂಗಸರ ಕೈಲೂ ಒತ್ಸೇ ಅಂತ. ಮೊದ್ಲು ಅವಳು ಬೇಡ ಅಂದ್ಲು, ಮೆಲ್ರೋಸ್‌ನ ಒಂದು ಮಾತು ಕೇಳೋಣ ಅಂದ್ಲು. ಕೇಳಿದ್ರೆ ಆ ಹುಡುಗಿ ನಾಚ್ಕೊಂಡು ಬೇಡ ಅಂತಾಳೆ, ಸುಮ್ನೆ ಮಾಡು ಅಂತ ನಾನೇ ಗದರಿದೆ.”

ತಿಯಾ ಕೊಂಚಿಂಗ್ ಎಲ್ಲರ ಮುಂದೆ “ತಪ್ಪು ನಂದೇ” ಎಂದದ್ದು ಕಿವಿಯಲ್ಲಿ ಮೊಳಗಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜೊತೆಗೇ ಇನ್ನೊಂದು ಮಾತು ಗಂಟಲವರೆಗೆ ಬಂದು ನಿಂತಿತ್ತು: ನೀನೇ, ನೀನೇ ನಿನ್ನ ಕೈಯಾರೆ ಕೆಡಿಸಿಕೊಂಡೆ ಅಮ್ಮಾ.

ಅಮ್ಮ ಸ್ನೇಹಿತೆಯರಿಂದ ಸ್ವಲ್ಪ ಆಚೆ ಸರಿದು ದನಿ ತಗ್ಗಿಸಿದಳು. “ನಗ್ಬೇಡ ಕಣೇ. ನಿನ್ನ ತಲೆ ಬಾಚೋ ವಯಸ್ಸಲ್ಲಿ ಯಾರದೋ ಮಗಳ ತಲೆ ಬಾಚ್ದೆ. ದುಡ್ಡು ಕಳ್ಸಿದ್ದು ಬಿಟ್ರೆ ನಿನಗೋಸ್ಕರ ನಾನು ಏನೂ ಮಾಡ್ಲಿಲ್ಲ. ಒತ್ತೋವಾಗ, ನಿನ್ನ ಪಕ್ಕದಲ್ಲೇ ಕೂತು ಕೆಲಸಕ್ಕೆ ಕೈ ಹಚ್ಚಿದ ಹಾಗೆ ಅನ್ಸೋದು.” ಆಮೇಲೆ ಮೂಗೊರೆಸಿಕೊಂಡು, “ಹೇಳು. ಸಂಜೆ ಮ್ಯಾಮ್ ಕೇಳ್ತಾರೆ. ಸಹಿ ಹಾಕ್ಲಾ, ಬೇಡ್ವಾ?” ಎಂದಳು.

ಗಂಟಲಿನಲ್ಲಿದ್ದ ಮಾತನ್ನು ನುಂಗಿದೆ. ಅದು ಇವತ್ತಿಗೂ ಹೊಟ್ಟೆಯಲ್ಲೇ ಇದೆ.

“ಬೇಡ, ನನಾಯ್. ಸಹಿ ಹಾಕ್ಬೇಡ. ಬಾ.”

“ಮತ್ತೆ ಜಾಹೀರಾತು?”

“ಅದನ್ನ ನಾನೇ ತೆಗೆದುಹಾಕ್ದೆ. ಆ ಕಂಪನಿ ಕೊಡೋ ಪುಡಿಗಾಸು ಯಾರಿಗೆ ಬೇಕು? ಇನ್ಮೇಲೆ ಮಾತು ಬರೆಸ್ಕೊಳ್ಳೋರ ಹತ್ರಾನೇ ನೇರವಾಗಿ ದುಡ್ಡು ಇಸ್ಕೋತೀನಿ. ಒತ್ತಿದ್ದು ಸಾಕು, ಕೈಗೆ ಬಿಡುವು ಕೊಡು.”

ಅಮ್ಮ ರಟ್ಟಿನ ಮೇಲೆ ಕುಣಿದಾಡಿಬಿಟ್ಟಳು. ಹಿಂದಿನವರೆಲ್ಲ ಕೇಕೆ ಹಾಕಿದರು. ಒಬ್ಬಳು ಮಾತ್ರ, ಅಮ್ಮನಿಗಿಂತ ವಯಸ್ಸಾದವಳು, ಡಬ್ಬಿಯ ಮುಚ್ಚಳ ಹಾಕುತ್ತಾ ಆಚೆ ತಿರುಗಿ ಕಣ್ಣೊರೆಸಿಕೊಂಡಳು. ನಾನು ಫೋನ್ ಇಟ್ಟೆ. ಎಂಥ ಸುಳ್ಳು ಹೇಳಿದೆ! ಯಾರ ಹತ್ತಿರ ಇಸ್ಕೋತೀನಿ ನಾನು? ಅಂಗಡಿಗೆ ಹೋಗಿ ಉಳಿದ ಚಿಲ್ಲರೆ ಕೇಳುವುದಕ್ಕೂ ನಾಚುವ ನಾನು!

ಹಿಂದಿನ ಬಾಗಿಲಿನಿಂದ ತಿಯಾಳ ಅಂಗಡಿಯೊಳಗೆ ಹೋದೆ. ಕತ್ತಲಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅವಳ ಕೈ ಹಿಡಿದು ಹಣೆಗೊತ್ತಿಕೊಂಡೆ. ಹಿರಿಯರಿಗೆ ದಿನಾ ಮಾಡುವ ನಮಸ್ಕಾರವೇ, ಆದರೆ ಆ ದಿನ ಕೈ ಬಿಡಲಾಗಲಿಲ್ಲ. ಅವಳ ಮೊಣಕಾಲ ಮೇಲೆ ತಲೆಯಿಟ್ಟು ಅತ್ತೆ.

“ಯಾಕೆ ಹೇಳ್ಲಿಲ್ಲ ತಿಯಾ? ಅಮ್ಮನೇ ಹೇಳಿದ್ದು ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಅವಳ ಮೇಲೆ ಎಗರಾಡ್ತಿದ್ದೆ. ನಿನ್ನ ನಾಲಿಗೆ ನಂಗೊತ್ತಿಲ್ವಾ?” ಬೆಳ್ಳುಳ್ಳಿ ಕೈಯಲ್ಲೇ ನನ್ನ ತಲೆ ಸವರಿದಳು. “ನಾನು ಇಲ್ಲೇ ಇರೋಳು. ನೀನು ಬೈದ್ರೆ ಸಂಜೆ ನಿನ್ನ ಮೀನಿಗೆ ಉಪ್ಪು ಜಾಸ್ತಿ ಹಾಕಿ ಸೇಡು ತೀರಿಸ್ಕೋತೀನಿ, ಮುಗೀತು. ಅವಳು ಅಷ್ಟು ದೂರದಲ್ಲಿ ಒಬ್ಬಳೇ ಕೂತು ಅಳ್ತಾಳೆ. ಸಮಾಧಾನ ಮಾಡೋಕೆ ಯಾರಿದಾರೆ ಅವಳಿಗೆ? ಹೇಳಿದ್ಯಾ ಅವಳಿಗೆ?”

“ಇಲ್ಲ.”

“ಒಳ್ಳೇದಾಯ್ತು. ಸಹಿ?”

“ಬೇಡ, ಬಾ ಅಂದೆ.”

“ಅಯ್ಯೋ ಪುಣ್ಯಾತ್ಗಿತ್ತಿ! ಏನಿಟ್ಕೊಂಡು?” ತಿಯಾ ಧಡಕ್ಕನೆ ಎದ್ದಳು. ನಾನು ಹೇಳಿದ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಅಂಗಡಿಯವಳ ಮುಖವಾಯಿತು. “ಎಷ್ಟು ಜನ ಕೇಳ್ತಾರೆ ಹಾಗೆ ಬರೆದ್ಕೊಡು ಅಂತ?”

“ತುಂಬಾ ಜನ.”

“ಪುಕ್ಕಟೆ ಕೊಡ್ತಿದ್ಯಾ? ತಲೆ ಇದೆಯೇನೇ ನಿಂಗೆ? ನನ್ನ ಅಂಗಡೀಲಿ ಒಂದು ಎಸಳು ಬೆಳ್ಳುಳ್ಳಿ ಪುಕ್ಕಟೆ ಹೋಗಿದ್ದು ನೋಡಿದೀಯಾ?” ಬಾಗಿಲು ಮೇಲೆತ್ತಿ ಬೆಳಕು ಬಿಟ್ಟಳು. “ಬಾ, ಕೂತ್ಕೋ. ನಾನು ಹೇಳ್ತೀನಿ, ನೀನು ಬರಿ. ನಾಮಕರಣಕ್ಕೆ ಇಷ್ಟು. ಮದುವೆಗೆ ಅದರ ಎರಡರಷ್ಟು. ರಾಜಕಾರಣಿಗಾದ್ರೆ ನಾಲ್ಕರಷ್ಟು, ಅದೂ ಮುಂಗಡ. ಸಾವಿನ ಮನೆಯೋರ ಹತ್ರ ದುಡ್ಡು ತಗೋಬೇಡ.”

ಮೊದಲನೇ ಗಿರಾಕಿಗೆ ಬೆಲೆ ಬರೆದು, ಅಳಿಸಿ, ಮತ್ತೆ ಬರೆದೆ. ತಿಯಾ ಪಕ್ಕದಲ್ಲಿ ನಿಂತು, “ಕಳ್ಸು, ಕಳ್ಸು, ಕಳ್ಸೇ!” ಎಂದು ಬೆನ್ನಿಗೆ ಗುದ್ದಿದಳು. ಕೆಲವರು ಬೆಲೆ ಕೇಳಿ ಮಾಯವಾದರು. ಕೆಲವರು “ಮೊದ್ಲು ಪುಕ್ಕಟೆ ಇತ್ತಲ್ಲ” ಎಂದು ಮುನಿಸಿಕೊಂಡರು. ಉಳಿದವರು ಕೊಟ್ಟರು. ಹೊಸ ಹಾಸಿಗೆ ತರಲಾಗಲಿಲ್ಲ. ಹಳೆಯದನ್ನೇ ಬಿಸಿಲಿಗೆ ಹಾಕಿ ಬಡಿದು ಹೊಸ ಹೊದಿಕೆ ಹಾಕಿದೆವು.

ಅಮ್ಮ ಜುಲೈನಲ್ಲಿ ಬಂದಳು. ಬಂದ ವಾರದಲ್ಲೇ ನನಗೆ ದೂರದ ಮಿಂಡನಾವೊ ದ್ವೀಪದ ಒಬ್ಬ ಶಾಲಾ ಮಾಸ್ತರರು ಗಿರವಿ ಅಂಗಡಿಯ ಮೂಲಕ ಹಣ ಕಳಿಸಿದರು. ದೊಡ್ಡ ಮೊತ್ತವಲ್ಲ, ಒಂದು ಬೀಳ್ಕೊಡುಗೆ ಭಾಷಣದ್ದು. “ನಾನೂ ಬರ್ತೀನಿ,” ಎಂದು ಅಮ್ಮ ಹಟ ಮಾಡಿದಳು. ಅಷ್ಟು ವರ್ಷ ಹಣ ಕಳಿಸಿದವಳು, ಅದು ಬಂದು ಸೇರುವ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ರಜೆಗೆ ಬಂದಾಗ ಹಣ ಅವಳ ಕೈಯಲ್ಲೇ ಬರುತ್ತಿತ್ತಲ್ಲ. ಸಾಲಿನಲ್ಲಿ ನಿಂತು ಸುತ್ತ ನೋಡಿದಳು. ಅಜ್ಜಿ ಒರಗಿ ನಿಲ್ಲುತ್ತಿದ್ದ ಗೋಡೆ ಯಾವುದು ಎಂದು ಕೇಳಿದಳು. ತೋರಿಸಿದೆ. ಅವಳೂ ಅಲ್ಲೇ ಸ್ವಲ್ಪ ಹೊತ್ತು ಒರಗಿ ನಿಂತಳು.

ನಮ್ಮ ಸರದಿ ಬಂತು. ನನ್ನ ಗುರುತಿನ ಚೀಟಿಯನ್ನು ಕಿಟಕಿಯ ಕೆಳಗಿನಿಂದ ತೂರಿಸಿದೆ. ರೋಡೆಲ್ ಹೆಸರು ನೋಡಿದ, ಕಾಗದ ಎಳೆದುಕೊಂಡ, ಯಾವತ್ತಿನಂತೆ ತಲೆಯೆತ್ತದೆ ಠಸ್ಸೆ ಹಾಕುತ್ತಾ ಕೇಳಿದ.

“ಅಮ್ಮ ಹೇಗಿದಾಳೆ?”

ಅಮ್ಮ ನನ್ನ ಭುಜದ ಮೇಲಿಂದ ಕಿಟಕಿಗೆ ಬಗ್ಗಿದಳು.

“ಚೆನ್ನಾಗಿದೀನಿ, ಮನೋಂಗ್,” ಎಂದಳು.